ಕಲಬುರಗಿಯ ಬೇಸಿಗೆಗೆ ಮುರುಗಲ ಸಿಪ್ಪೆ: ಆರಿಸುವ, ಬಳಸುವ ಕ್ರಮ

ಪಶ್ಚಿಮ ಘಟ್ಟದ ಮಳೆಕಾಡುಗಳಲ್ಲಿ ತಾನಾಗಿಯೇ ಬೆಳೆಯುವ ಮುರುಗಲ ಮರದ ಹಣ್ಣು ಏಪ್ರಿಲ್‌, ಮೇ ತಿಂಗಳಲ್ಲಿ ಕಡುಗೆಂಪಾಗಿ ಮಾಗುತ್ತದೆ. ಅಲ್ಲಿನವರು ಬೀಜವನ್ನು ಬೇರ್ಪಡಿಸಿ, ಸಿಪ್ಪೆಯನ್ನು ಅದೇ ಹಣ್ಣಿನ ರಸದಲ್ಲಿ ಮತ್ತೆ ಮತ್ತೆ ಅದ್ದಿ ಬಿಸಿಲಿಗೆ ಒಣಗಿಸುತ್ತಾರೆ. ನಮ್ಮ ಕಡೆಯ ಕಿರಾಣಿ ಅಂಗಡಿಯಲ್ಲಿ ಕೋಕಂ ಎಂದು ಕೇಳಿದರೆ ಸಿಗುವುದು ಈ ಒಣಸಿಪ್ಪೆಯೇ. ಸಸಿ ತಂದು ನೆಡುವ ಆಸೆಯನ್ನು ಬಿಡುವುದೇ ಲೇಸು. ಎರೆಮಣ್ಣು ಮತ್ತು ಒಣಹವೆ ಅದಕ್ಕೆ ಒಗ್ಗುವುದಿಲ್ಲ, ಗಂಡು ಮರ, ಹೆಣ್ಣು ಮರ ಬೇರೆ ಬೇರೆಯಾಗಿರುವುದರಿಂದ ಒಂಟಿ ಸಸಿ ಬದುಕಿದರೂ ಫಲದ ಭರವಸೆಯಿಲ್ಲ.

ಕೊಳ್ಳುವಾಗ ಬೆರಳಿಗೆ ಮೆತ್ತಗೆ ಬಾಗುವ, ಕಪ್ಪುಗೆಂಪು ಬಣ್ಣದ ಸಿಪ್ಪೆಯನ್ನು ಆರಿಸಬೇಕು. ಉಪ್ಪು ಹಾಕಿದ್ದೋ ಇಲ್ಲವೋ ಎಂಬುದನ್ನು ಚೂರು ನಾಲಿಗೆಗಿಟ್ಟು ತಿಳಿದುಕೊಳ್ಳಬೇಕು, ಏಕೆಂದರೆ ಪಾನಕಕ್ಕೆ ಉಪ್ಪಿಲ್ಲದ್ದೇ ಚೆಂದ.

ಪಾನಕಕ್ಕೆ ಹತ್ತು ಹನ್ನೆರಡು ಸಿಪ್ಪೆಗಳನ್ನು ತೊಳೆದು, ಒಂದು ಲೀಟರ್‌ ನೀರಿನಲ್ಲಿ ಮೂರು ತಾಸು ನೆನೆಯಿಟ್ಟು, ಕೈಯಿಂದ ಚೆನ್ನಾಗಿ ಹಿಸುಕಿ ಸೋಸಬೇಕು. ಬೆಲ್ಲ, ಹುರಿದ ಜೀರಿಗೆಯ ಪುಡಿ, ಚಿಟಿಕೆ ಉಪ್ಪು ಬೆರೆಸಿದರೆ ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನಕ್ಕೆ ಬಾಟಲಿಯ ತಂಪು ಪಾನೀಯಕ್ಕಿಂತ ಇದು ಎಷ್ಟೋ ಮೇಲು. ಹುಳಿ ತೀಕ್ಷ್ಣವಾದ್ದರಿಂದ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳನ್ನು ಬಳಸಬಾರದು. ಸ್ಟೀಲ್‌ ಅಥವಾ ಗಾಜಿನದು ಸರಿ.

ತೊಗರಿಬೇಳೆಯ ಸಾರಿಗೆ ಹುಣಸೆಹಣ್ಣಿನ ಬದಲು ಇದನ್ನೇ ಬಳಸಬಹುದು. ಆದರೆ ಬೇಳೆ ಪೂರ್ತಿ ಬೆಂದ ಮೇಲೆಯೇ ನಾಲ್ಕೈದು ಸಿಪ್ಪೆಗಳನ್ನು ಹಾಕಿ ಕುದಿಸಬೇಕು. ಮೊದಲೇ ಹಾಕಿದರೆ ಹುಳಿಯಿಂದಾಗಿ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಬಡಿಸುವ ಮುನ್ನ ಸಿಪ್ಪೆಯನ್ನು ತೆಗೆದುಬಿಡಬೇಕು.

ಬೀಜವೂ ವ್ಯರ್ಥವಲ್ಲ. ಒಣಬೀಜದ ತಿರುಳನ್ನು ಕುಟ್ಟಿ ನೀರಿನಲ್ಲಿ ಕುದಿಸಿದಾಗ ಮೇಲೆ ತೇಲುವ ಜಿಡ್ಡನ್ನು ಆರಿಸಿ ಉಂಡೆ ಕಟ್ಟುತ್ತಾರೆ. ಮುರುಗಲ ತುಪ್ಪವೆಂಬ ಈ ಬಿಳಿ ಉಂಡೆಯನ್ನು ಬೀದರಿನ ಚಳಿಗೆ ಒಡೆದ ಹಿಮ್ಮಡಿಗೆ ಹಚ್ಚುವುದಾದರೆ, ರಾತ್ರಿ ಕಾಲು ತೊಳೆದು ಒರೆಸಿಕೊಂಡು, ಚೂರೊಂದನ್ನು ಚಮಚದಲ್ಲಿ ಕರಗಿಸಿ, ಆರಿದ ಮೇಲೆ ಬಿರುಕಿನೊಳಗೆ ಇಳಿಯುವಂತೆ ತಿಕ್ಕಬೇಕು. ಇದು ಸುಮಾರು 40 ಡಿಗ್ರಿಯಲ್ಲಿ ಕರಗುವುದರಿಂದ ನಮ್ಮ ಬೇಸಿಗೆಯಲ್ಲಿ ಕಾಗದದ ಪೊಟ್ಟಣದಲ್ಲಿ ಇಡುವಂತಿಲ್ಲ. ಅಗಲ ಬಾಯಿಯ ಡಬ್ಬಿಯಲ್ಲಿಟ್ಟರೆ ಹಗಲು ಕರಗಿದ್ದು ತಂಪಾದಾಗ ಮತ್ತೆ ಹೆಪ್ಪುಗಟ್ಟುತ್ತದೆ, ಕೆಟ್ಟಿತೆಂದು ಚೆಲ್ಲಬೇಕಿಲ್ಲ.