ಬಾವಿಯ ಉಪ್ಪು ಕಡಲಿನದ್ದೇ? ಬೇರಿಯಂ ಹಾಕಿ ನೋಡುವ ನನ್ನ ರೀತಿ

ಕಾರವಾರದಲ್ಲಿ ಕಡಲಿಗೆ ಹತ್ತಿರದ ಬಾವಿ ನೀರು ಬೇಸಿಗೆಯಲ್ಲಿ ಉಪ್ಪಾದರೆ ಎಲ್ಲರೂ ಕಡಲನ್ನೇ ಬೈಯುತ್ತಾರೆ. ನಾನು ಕಾಲೇಜಿನ ಲ್ಯಾಬಿನಲ್ಲಿ ನೀರಿನ ಸಲ್ಫೇಟ್ (ಗಂಧಕ ಇರುವ ಲವಣಾಂಶ) ತೂಗಿ ನೋಡುತ್ತೇನೆ. ಬೇರಿಯಂ ಹಾಕಿದರೆ ಅದು ಸಲ್ಫೇಟನ್ನು ಹಿಡಿದು, ಕರಗದ ಬಿಳಿ ಬೇರಿಯಂ ಸಲ್ಫೇಟ್ ಪುಡಿಯಾಗಿ ಕೆಳಗಿಳಿಯುತ್ತದೆ; ತೂಗುವುದು ಆ ಪುಡಿಯನ್ನೇ. ಕಡಲ ನೀರಿನಲ್ಲಿ ಸಲ್ಫೇಟಿನ ತೂಕ ಕ್ಲೋರೈಡಿನ (ಅಡುಗೆ ಉಪ್ಪಿನಲ್ಲೂ ಇರುವ ಅಂಶ) ಸುಮಾರು 0.14 ಪಾಲು. ಮಳೆನೀರು ಬೆರೆತು ತೆಳುವಾದರೂ ಈ ಲೆಕ್ಕ ಹೆಚ್ಚು ಕದಲುವುದಿಲ್ಲ. ಬಾವಿಯಲ್ಲಿ ಸಲ್ಫೇಟಿನ ಪಾಲು ಇದಕ್ಕಿಂತ ತುಂಬಾ ಜಾಸ್ತಿ ಬಂದರೆ ಗೊಬ್ಬರವೋ ಇನ್ನೇನೋ ಇದೆ ಅಂತ ಹುಡುಕಬೇಕು.

ಅಭ್ಯಾಸಕ್ಕೆ ಕಡಲ ನೀರೇ ಒಳ್ಳೆಯದು. 50 ಮಿ.ಲೀ. ಸೋಸಿದ ನೀರಿಗೆ ಡಿಸ್ಟಿಲ್ಡ್ ವಾಟರ್ ಸೇರಿಸಿ, ಮೊದಲು ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಹಾಕುತ್ತೇನೆ. ಇಲ್ಲದಿದ್ದರೆ ಬೇರಿಯಂ ಕಾರ್ಬೊನೇಟ್ ಕೂಡ ಕೆಳಗಿಳಿದು ತೂಕ ಕೆಡಿಸುತ್ತದೆ. ಕುದಿ ಬರುವಾಗ 5% ಬೇರಿಯಂ ಕ್ಲೋರೈಡನ್ನು ಬಿಸಿ ಮಾಡಿ, ಕಲಕುತ್ತಾ, ಹನಿಹನಿಯಾಗಿ ಬಿಡಬೇಕು. ನೀರು ಹಾಲಿನಂತಾಗುತ್ತದೆ. ಒಮ್ಮೆಲೇ ಸುರಿದರೆ ಕಣಗಳು ಎಷ್ಟು ಸಣ್ಣಗಾಗುತ್ತವೆ ಅಂದರೆ ಫಿಲ್ಟರ್ ಪೇಪರ್ ದಾಟಿಬಿಡುತ್ತವೆ. ಆಮೇಲೆ ಒಂದೆರಡು ತಾಸು ಬಿಸಿಯಲ್ಲೇ ಬಿಡಿ, ಹರಳು ದೊಡ್ಡದಾಗುತ್ತದೆ. ಮೇಲಿನ ತಿಳಿಗೆ ಇನ್ನೊಂದು ಹನಿ ಬೇರಿಯಂ ಬಿಟ್ಟಾಗ ಮಬ್ಬು ಬರದಿದ್ದರೆ ಸಲ್ಫೇಟ್ ಎಲ್ಲ ಇಳಿದಂತೆ.

ವಾಟ್ಮನ್ 42 ಪೇಪರಿನಲ್ಲಿ ಸೋಸಿ, ಬಿಸಿನೀರಿನಿಂದ ತೊಳೆಯುತ್ತೇನೆ. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದರೆ ಬೆಳ್ಳಗಾಗಬಾರದು; ಆದರೆ ಕ್ಲೋರೈಡ್ ಇನ್ನೂ ಉಳಿದಿದೆ ಅಂತ ಅರ್ಥ. ಪೇಪರನ್ನು ಜ್ವಾಲೆ ಹತ್ತದಂತೆ ನಿಧಾನಕ್ಕೆ ಸುಟ್ಟು, ಪುಡಿ ಇರುವ ಕ್ರೂಸಿಬಲ್ಲನ್ನು (ಬೆಂಕಿ ತಾಳುವ ಪುಟ್ಟ ಬಟ್ಟಲು) 800 ಡಿಗ್ರಿಯಲ್ಲಿ ಕಾಯಿಸಬೇಕು. ಆಮೇಲೆ ತೇವ ತಾಗದಂತೆ ಡೆಸಿಕೇಟರ್ ಎಂಬ ಮುಚ್ಚಿದ ಪಾತ್ರೆಯಲ್ಲಿ ತಣಿಸಿ ತೂಗುವುದು. ನಮ್ಮ ಮಳೆಗಾಲದಲ್ಲಿ ಇದೇ ಕಿರಿಕಿರಿ: ಅದರೊಳಗಿನ ತೇವ ಹೀರುವ ನೀಲಿ ಸಿಲಿಕಾ ಜೆಲ್ ನೋಡನೋಡುತ್ತಲೇ ಗುಲಾಬಿಯಾಗುತ್ತದೆ. ಜೆಲ್ಲನ್ನು ಮೊದಲು ಓವನ್ನಿನಲ್ಲಿ ಒಣಗಿಸಿಯೇ ಇಡಿ. ಬಂದ ತೂಕವನ್ನು 0.4116ರಿಂದ (ಬೇರಿಯಂ ಸಲ್ಫೇಟಿನಲ್ಲಿ ಸಲ್ಫೇಟಿನ ಪಾಲು) ಗುಣಿಸಿದರೆ ಸಲ್ಫೇಟ್ ಸಿಗುತ್ತದೆ. ನದಿನೀರು ಬೆರೆಯದ ಕಡಲ ನೀರಿಗೆ ಪುಡಿ ಸುಮಾರು 0.33 ಗ್ರಾಂ ಇರಬೇಕು.

ಸಲ್ಫೇಟ್ ಕಡಿಮೆ ಇರುವ ಬಾವಿಗೆ ಇದು ಸುಮ್ನೆ ಶ್ರಮ. ಅದಕ್ಕೆ ಮಬ್ಬು ಅಳೆಯುವ ಮೀಟರೇ ಸಾಕು. ಆದರೂ ಹುಡುಗರಿಗೆ ಒಮ್ಮೆ ತೂಗಿಸುತ್ತೇನೆ.

"ಸರ್, ಎಕ್ಸ್‌ರೇಗೆ ಕುಡಿಸುವುದು ಇದೇ ಅಲ್ವಾ?" ಅಂತ ಕೇಳುತ್ತಾರೆ. ಕುಡಿಸುವುದು ಬೇರಿಯಂ ಸಲ್ಫೇಟ್. ನೀರಿನಲ್ಲಿ ಅದು ಕರಗುವುದೇ ಇಲ್ಲ ಅನ್ನಬಹುದು, ಹಾಗಾಗಿ ಹೊಟ್ಟೆಗೆ ಹೋದದ್ದು ಹಾಗೇ ಹೊರಬರುತ್ತದೆ. ಬಾಟಲಿಯ ಬೇರಿಯಂ ಕ್ಲೋರೈಡ್ ಮಾತ್ರ ವಿಷ, ಒಂದೆರಡು ಗ್ರಾಂ ಕೂಡ ಜೀವ ತೆಗೆಯಬಹುದು. ಪಿಪೆಟನ್ನು ಬಾಯಲ್ಲಿ ಎಳೆಯುವಂತೆಯೇ ಇಲ್ಲ. ಉಳಿದ ದ್ರಾವಣಕ್ಕೆ ಹೊಸ ಮಬ್ಬು ನಿಲ್ಲುವವರೆಗೆ ಮೆಗ್ನೀಷಿಯಂ ಸಲ್ಫೇಟ್ ಹಾಕಿ, ಕೆಳಗೆ ಕೂತ ಬಿಳಿ ಕೆಸರನ್ನು ಹೆಸರು ಬರೆದ ಡಬ್ಬಿಯಲ್ಲಿ ತುಂಬಿಡುತ್ತೇನೆ. ಸಿಂಕಿಗೆ ಚೆಲ್ಲಲು ಬಿಡುವುದಿಲ್ಲ.