ಜನವರಿಯಲ್ಲಿ ಕಿರುನಾಕ್ಕೆ ಕೆಲಸಕ್ಕೆ ಬರುವವರಿಗೆ

ಕಿರುನಾದಲ್ಲಿ ಕೆಲಸ ಸಿಕ್ಕಿದೆ, ಜನವರಿಯಲ್ಲೇ ಬಂದು ಸೇರಬೇಕಂತೆ, ಏನೇನು ತರಲಿ ಅಂತ ಕೇಳುವವರೆಲ್ಲ ಮೊದಲು ಜಾಕೆಟ್ ವಿಷಯ ಎತ್ತುತ್ತಾರೆ. ಜಾಕೆಟ್ ಇಲ್ಲೇ ಸಿಗುತ್ತದೆ. ಚಳಿಯನ್ನು ದುಡ್ಡು ಕೊಟ್ಟು ಬಗೆಹರಿಸಬಹುದು. ಕತ್ತಲೆಯನ್ನು ಹಾಗೆ ಬಗೆಹರಿಸಲಾಗುವುದಿಲ್ಲ. ಕಾಗದಪತ್ರದ ವಿಷಯವಂತೂ ಕೇಳಲೇಬೇಡಿ. ನಾನು ಇಲ್ಲಿಗೆ ಬಂದದ್ದು ಉಪಗ್ರಹಗಳ ಸಿಗ್ನಲ್ ಹಿಡಿಯುವ ಆಂಟೆನಾಗಳ ಕೆಲಸಕ್ಕೆ, ಅದೂ ನಟ್ಟನಡು ಚಳಿಗಾಲದಲ್ಲಿ. ಆಮೇಲೆ ಬಂದ ಹೊಸಬರಿಗೆಲ್ಲ ಹೇಳಿದ್ದನ್ನೇ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಊರು

ಕಿರುನಾ ಇರುವುದು ಸ್ವೀಡನ್ನಿನ ಉತ್ತರ ತುದಿಯಲ್ಲಿ, ಆರ್ಕ್ಟಿಕ್ ವೃತ್ತದಿಂದ ಸುಮಾರು 145 ಕಿಲೋಮೀಟರ್ ಮೇಲೆ. 1900ರಲ್ಲಿ ಹುಟ್ಟಿದ ಊರು. ಎಲ್‌ಕೆಎಬಿ ಕಂಪನಿಯ ಕಬ್ಬಿಣದ ಗಣಿ ಇರುವುದಕ್ಕೇ ಊರೂ ಇದೆ. ಅದೇ ಗಣಿ ಈಗ ಊರಿನ ಅಡಿಗೇ ಬಂದಿದೆ. ಹಾಗಾಗಿ ಪೇಟೆಯನ್ನೇ ಮೂರು ಕಿಲೋಮೀಟರ್ ಪೂರ್ವಕ್ಕೆ ಸರಿಸಿದ್ದಾರೆ. ಹೊಸ ಪೇಟೆ 2022ರಲ್ಲಿ ಶುರುವಾಯಿತು. 1912ರ ಮರದ ಚರ್ಚನ್ನು 2025ರ ಆಗಸ್ಟ್‌ನಲ್ಲಿ ಇಡಿಯಾಗಿ ಎತ್ತಿ, ಗಾಲಿಗಳ ಮೇಲಿಟ್ಟು, ಎರಡು ದಿನದಲ್ಲಿ ಹೊಸ ಜಾಗಕ್ಕೆ ಸಾಗಿಸಿದರು.

ಈ ಕಥೆ ಮನೆ ಹುಡುಕುವಾಗ ಕೆಲಸಕ್ಕೆ ಬರುತ್ತದೆ. ಹಳೆಯ ಪೇಟೆಯ ಕಡೆ ಕಟ್ಟಡಗಳನ್ನು ಒಂದೊಂದಾಗಿ ಕೆಡವುತ್ತಿದ್ದಾರೆ. ಹಳೆಯ ನಕ್ಷೆ ನಂಬಿಕೊಂಡು 'ಪೇಟೆಗೆ ಹತ್ತಿರ' ಅಂತ ಮನೆ ಹಿಡಿಯಬೇಡಿ. ಈಗ ಅಂಗಡಿ ಎಲ್ಲಿದೆ, ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಆಫೀಸಿನವರನ್ನೇ ಕೇಳಿ. ಸ್ಟಾಕ್‌ಹೋಮಿನಿಂದ ರಾತ್ರಿ ರೈಲಿನಲ್ಲಿ ಬರುವವರಿಗೂ ಒಂದು ಮಾತು: ರೈಲು ನಿಲ್ದಾಣ 2013ರಿಂದ ಊರಾಚೆಯ ತಾತ್ಕಾಲಿಕ ಜಾಗದಲ್ಲಿದೆ. ಸೂಟ್‌ಕೇಸಿನ ಸಣ್ಣ ಚಕ್ರಗಳು ಹಿಮದಲ್ಲಿ ಉರುಳುವುದಿಲ್ಲ, ಹಿಮವನ್ನು ಉಳುತ್ತವೆ. ಬಸ್ಸೋ ಟ್ಯಾಕ್ಸಿಯೋ ಮೊದಲೇ ನೋಡಿಟ್ಟುಕೊಳ್ಳಿ. ಹೊರಗೆ ನಿಂತು ಫೋನಿನಲ್ಲಿ ಹುಡುಕುತ್ತೇನೆ ಅಂದರೆ ಚಳಿಗೆ ಬ್ಯಾಟರಿ ನೋಡನೋಡುತ್ತಲೇ ಇಳಿದುಹೋಗುತ್ತದೆ.

ಬಾಡಿಗೆ ಮನೆಗೆ ಇಲ್ಲಿ ಸರದಿ ಪಟ್ಟಿ ಇದೆ. ಬರುವುದು ಖಚಿತವಾದ ದಿನವೇ ಹೆಸರು ಬರೆಸಿ. ಅದು ಸಿಗುವವರೆಗೆ ಕಂಪನಿಯೇ ಮನೆ ಕೊಡುತ್ತದೆಯೇ ಅಂತ ಸಂಕೋಚ ಬಿಟ್ಟು ಕೇಳಿ. ಈ ಊರಲ್ಲಿ ಅದು ಸಾಮಾನ್ಯ ಪ್ರಶ್ನೆ. ಅಪಾರ್ಟ್‌ಮೆಂಟಿನ ಬಾಡಿಗೆಯಲ್ಲಿ ಮನೆ ಕಾಯಿಸುವ ಖರ್ಚು ಸಾಮಾನ್ಯವಾಗಿ ಸೇರಿರುತ್ತದೆ. ಬಿಡಿ ಮನೆಯಾದರೆ ಸೇರಿರುವುದಿಲ್ಲ. ಸಹಿ ಹಾಕುವ ಮುಂಚೆ ಇದೊಂದನ್ನು ಓದಿ ನೋಡಿ.

ಇನ್ನೊಂದು. ರಾತ್ರಿ ಒಂದು ಗಂಟೆ ದಾಟಿದ ಮೇಲೆ ಕಿಟಕಿ ಗಾಜು ಸಣ್ಣಗೆ ನಡುಗಿದರೆ ಗಾಬರಿ ಬೀಳಬೇಡಿ. ಗಣಿಯಲ್ಲಿ ಸಿಡಿಮದ್ದು ಸಿಡಿಸುವ ಹೊತ್ತು ಅದು. ಊರವರು ಮಗ್ಗುಲು ಕೂಡ ಬದಲಿಸುವುದಿಲ್ಲ.

ಕಾಗದಪತ್ರ, ಬಂದ ವಾರವೇ

ಒಂದು ವರ್ಷಕ್ಕಿಂತ ಜಾಸ್ತಿ ಇರುವ ಉದ್ದೇಶದಿಂದ, ಸರಿಯಾದ ಪರ್ಮಿಟ್ ಹಿಡಿದು ಬಂದವರು ಸ್ಕಾತ್ತೆವೆರ್ಕೆಟ್ ಅನ್ನುವ ತೆರಿಗೆ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆಗ ಸಿಗುವುದೇ ಪೆರ್ಸೂನ್‌ನುಮ್ಮರ್, ಹುಟ್ಟಿದ ದಿನಾಂಕದಿಂದ ಶುರುವಾಗುವ ಗುರುತಿನ ಸಂಖ್ಯೆ. ಅದು ಬರಲು ವಾರಗಳೇ ಹಿಡಿಯಬಹುದು. ಅದಿಲ್ಲದೆ ಬ್ಯಾಂಕ್‌ಐಡಿ, ಅಂದರೆ ಫೋನಿನಲ್ಲೇ ಗುರುತು ತೋರಿಸಿ ಸಹಿ ಹಾಕುವ ವ್ಯವಸ್ಥೆ, ಇಲ್ಲ. ಬ್ಯಾಂಕ್‌ಐಡಿ ಇಲ್ಲದೆ ಬಾಡಿಗೆ ಕರಾರು, ಆಸ್ಪತ್ರೆಯ ಅಪಾಯಿಂಟ್‌ಮೆಂಟು, ಸ್ವಿಶ್ ಅನ್ನುವ ಫೋನಿನ ಆ್ಯಪಿನಲ್ಲಿ ದುಡ್ಡು ಕಳಿಸುವುದು, ಎಲ್ಲದಕ್ಕೂ ಪರದಾಟ. ಅದಕ್ಕೇ ಹೇಳುವುದು, ಪೆಟ್ಟಿಗೆ ಬಿಚ್ಚುವುದು ತಡವಾದರೂ ಪರವಾಗಿಲ್ಲ, ಅರ್ಜಿ ತಡವಾಗಬಾರದು.

ಪಾಸ್‌ಪೋರ್ಟ್, ಪರ್ಮಿಟ್ ಕಾರ್ಡ್, ಕೆಲಸದ ಕರಾರು ಪತ್ರ, ಸಂಸಾರ ಸಮೇತ ಬಂದಿದ್ದರೆ ಮದುವೆ ಪ್ರಮಾಣಪತ್ರ ಮತ್ತು ಮಕ್ಕಳ ಜನನ ಪ್ರಮಾಣಪತ್ರ. ಎಲ್ಲವೂ ಮೂಲಪ್ರತಿಯೇ ಇರಲಿ. ಕರಾರು ಪತ್ರದಲ್ಲಿ ಸಂಬಳ ಎಷ್ಟು, ಎಷ್ಟು ಕಾಲದ ಕೆಲಸ ಅನ್ನುವುದು ಬಿಡಿಸಿ ಬರೆದಿದೆಯೇ ನೋಡಿಕೊಳ್ಳಿ. ನನ್ನನ್ನು ಒಂದು ಬ್ಯಾಂಕಿನವರು ಇದೇ ಕಾರಣ ಹಿಡಿದು ಸುಮ್ನೆ ಅಲೆಸಿದರು. ಯಾವ ಕೆಲಸ ಕಿರುನಾದ ಕಚೇರಿಯಲ್ಲೇ ಆಗುತ್ತದೆ, ಯಾವುದಕ್ಕೆ ಬೇರೆ ಊರಿಗೆ ಹೋಗಬೇಕು ಅಂತ ಮೊದಲೇ ವಿಚಾರಿಸಿ. ಇಲ್ಲಿ 'ಪಕ್ಕದ ದೊಡ್ಡ ಊರು' ಅಂದರೆ ಲೂಲಿಯೋ, ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೂ ಜಾಸ್ತಿ. ಹೊರದೇಶದಲ್ಲೂ ನಡೆಯುವ ಒಂದು ಕಾರ್ಡ್ ಜೊತೆಯಲ್ಲಿರಲಿ. ನಗದನ್ನು ಇಲ್ಲಿ ಎಷ್ಟೋ ಕಡೆ ಮುಟ್ಟುವುದೇ ಇಲ್ಲ.

ಸಂಖ್ಯೆ ಕೈಗೆ ಬಂದ ದಿನವೇ ಎಸ್‌ಎಫ್‌ಐ ತರಗತಿಗೆ ಹೆಸರು ಕೊಡಿ. ವಲಸೆ ಬಂದವರಿಗೆ ಸ್ವೀಡಿಷ್ ಕಲಿಸುವ ಉಚಿತ ತರಗತಿ ಅದು. ಇಂಗ್ಲಿಷಿನಲ್ಲಿ ಆಫೀಸು ನಡೆದುಹೋಗುತ್ತದೆ. ಆದರೆ ಊಟದ ಮೇಜಿನ ಹರಟೆ ನಡೆಯುವುದು ಸ್ವೀಡಿಷ್‌ನಲ್ಲಿ.

ಮೈಮೇಲೆ ಏನು ಹಾಕಬೇಕು

ಹತ್ತಿ ಬಟ್ಟೆಯನ್ನು ಮೈಗೆ ಅಂಟುವ ಹಾಗೆ ಹಾಕಬೇಡಿ. ಬೆವರು ಹೀರಿಕೊಂಡು ಒದ್ದೆಯಾದರೆ ಅದು ಬೇಗ ಒಣಗುವುದಿಲ್ಲ, ನಿಂತ ತಕ್ಷಣ ಮೈ ಕೊರೆಯುತ್ತದೆ. ಒಳಗೆ ತೆಳು ಮೆರಿನೋ ಉಣ್ಣೆ, ಅದರ ಮೇಲೆ ದಪ್ಪ ಉಣ್ಣೆ ಇಲ್ಲವೇ ಫ್ಲೀಸ್, ಹೊರಗೆ ಗಾಳಿ ತಡೆಯುವ ಜಾಕೆಟ್. ಮೈನಸ್ 25ರಲ್ಲೂ ಇಷ್ಟು ಸಾಕು. ಎಲ್ಲರೂ ಮರೆಯುವುದು ಕಾಲನ್ನು. ಪ್ಯಾಂಟಿನ ಒಳಗೆ ಉಣ್ಣೆಯ ಲಾಂಗ್ ಜಾನ್ಸ್ ಹಾಕದೆ ಮೇಲೆ ಎಂಥ ಜಾಕೆಟ್ ಇದ್ದರೂ ಬಸ್ ಸ್ಟಾಪಿನಲ್ಲಿ ಹತ್ತು ನಿಮಿಷ ನಿಲ್ಲುವುದು ಕಷ್ಟ.

ಬೂಟನ್ನು ಮಾತ್ರ ಪರೀಕ್ಷೆ ಮಾಡಿ ತೆಗೆದುಕೊಳ್ಳಿ. ಅಂಗಡಿಗೆ ಹೋಗುವಾಗ ದಪ್ಪ ಉಣ್ಣೆಯ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಬೂಟು ಹಾಕಿ, ದಾರ ಕಟ್ಟಿ, ಒಳಗೆ ಐದೂ ಬೆರಳು ಆಡಿಸಿ ನೋಡಿ. ಬೆರಳು ಆಡದಿದ್ದರೆ ಒಂದು ಅಳತೆ ಮೇಲಿನದು ಕೇಳಿ. ಬಿಗಿಯಾದ ಬೂಟಿನೊಳಗೆ ಬಿಸಿ ಗಾಳಿ ನಿಲ್ಲಲು ಜಾಗವೇ ಇರುವುದಿಲ್ಲ, ರಕ್ತವೂ ಸರಿಯಾಗಿ ಓಡುವುದಿಲ್ಲ. ಎರಡು ಜೊತೆ ಕಾಲುಚೀಲವನ್ನು ತುರುಕಿದರೆ ಚಳಿ ಇನ್ನೂ ಜಾಸ್ತಿಯಾಗುವುದು ಇದಕ್ಕೇ. ಒಳಗಿನ ಪದರ ಬೇರೆ ತೆಗೆಯಲು ಬರುವ ಬೂಟಾದರೆ ಒಳ್ಳೆಯದು. ರಾತ್ರಿ ಅದನ್ನು ಹೊರಗೆ ತೆಗೆದು ಒಣಗಿಸಬಹುದು. ಕೈಗೆ ಐದು ಬೆರಳಿನ ಗವಸಿಗಿಂತ ನಾಲ್ಕೂ ಬೆರಳು ಒಂದೇ ಚೀಲದಲ್ಲಿ ಇರುವ ಗವಸು ಬೆಚ್ಚಗೆ. ಅದರೊಳಗೆ ತೆಳ್ಳನೆಯ ಇನ್ನೊಂದು ಜೊತೆ ಹಾಕಿಕೊಂಡರೆ ಬೀಗ ತೆಗೆಯುವಾಗ ಬರಿಗೈ ಆಗುವುದಿಲ್ಲ.

ಎಲ್ಲವನ್ನೂ ಹೊಸದೇ ಕೊಳ್ಳಬೇಕಿಲ್ಲ. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಒಳ್ಳೊಳ್ಳೆಯ ಉಣ್ಣೆಯ ಬಟ್ಟೆ ಸಿಗುತ್ತದೆ.

ಮೈನಸ್ 25 ಅಷ್ಟೇನೂ ಕೆಟ್ಟದಲ್ಲ ಅಂದರೆ ಹೊಸಬರು ನಗುತ್ತಾರೆ. ಆ ಚಳಿಯಲ್ಲಿ ಹಿಮ ಒಣಗಿ, ಕಾಲಿಟ್ಟರೆ ಥರ್ಮೋಕೋಲ್ ಉಜ್ಜಿದ ಹಾಗೆ ಕಿರ್ ಅನ್ನುತ್ತದೆ, ಹಿಡಿತ ಚೆನ್ನಾಗಿರುತ್ತದೆ. ಕೈಕಾಲು ಮುರಿಯುವುದು ಸೊನ್ನೆಯ ಆಸುಪಾಸಿನಲ್ಲಿ. ಹಿಮ ಸ್ವಲ್ಪ ಕರಗಿ ಮತ್ತೆ ಹೆಪ್ಪುಗಟ್ಟಿದ ದಿನ ರಸ್ತೆಯೆಲ್ಲ ಗಾಜು. ಬೂಟಿನ ಅಡಿಗೆ ಸಿಕ್ಕಿಸುವ ಮೊಳೆಪಟ್ಟಿ ಸಿಗುತ್ತದೆ, ಇಲ್ಲಿ ಬ್ರೊಡ್ಡರ್ ಅನ್ನುತ್ತಾರೆ. ಅದು ಬ್ಯಾಗಿನಲ್ಲೇ ಇರಲಿ. ಅಜ್ಜಿಯರು ಮುಂದೆ ಸಾಮಾನು ಇಟ್ಟು, ಹಿಂದೆ ನಿಂತು, ಒಂದು ಕಾಲಿನಿಂದ ನೂಕಿಕೊಂಡು ಹೋಗುವ ಜಾರುಗಾಡಿಯನ್ನೂ ನೋಡುತ್ತೀರಿ. ನಾಚಿಕೊಳ್ಳದೆ ನೀವೂ ಒಂದು ಕೊಳ್ಳಿ. ಸಾಮಾನು ತರಲು ಅದರಷ್ಟು ಅನುಕೂಲ ಬೇರೊಂದಿಲ್ಲ. ಜಾಕೆಟ್ಟಿಗೆ ರಿಫ್ಲೆಕ್ಟರ್ ಸಿಕ್ಕಿಸಿಕೊಳ್ಳಿ, ಇಲ್ಲದಿದ್ದರೆ ಕತ್ತಲಲ್ಲಿ ಕಾರಿನವರಿಗೆ ನೀವು ಕಾಣುವುದೇ ಇಲ್ಲ. ಫುಟ್‌ಪಾತಿನ ಮೇಲೆ ಗೋಡೆಗೆ ಕೋಲುಗಳನ್ನು ಒರಗಿಸಿಟ್ಟಿದ್ದರೆ ಸುತ್ತು ಬಳಸಿ ಹೋಗಿ. ಮಾಡಿನಿಂದ ಹಿಮ ಬೀಳಬಹುದು ಅನ್ನುವ ಎಚ್ಚರಿಕೆ ಅದು.

ಮನೆಯೊಳಗೆ ತೊಂದರೆ ಉಲ್ಟಾ. ಬೆಚ್ಚಗಿರುತ್ತದೆ, ಆದರೆ ಗಾಳಿ ತುಂಬಾ ಒಣ. ಮೂಗಿನಲ್ಲಿ ರಕ್ತ, ಒಡೆದ ತುಟಿ, ಬಾಗಿಲ ಹಿಡಿ ಮುಟ್ಟಿದರೆ ಚಟ್ ಅಂತ ಸಣ್ಣ ಶಾಕು. ಒಗೆದ ಬಟ್ಟೆಯನ್ನು ರೂಮಿನಲ್ಲೇ ಹರವಿ, ಎಣ್ಣೆ ಅಂಶ ಜಾಸ್ತಿ ಇರುವ ಕ್ರೀಮ್ ಹಚ್ಚಿ.

ಕತ್ತಲೆ

ಡಿಸೆಂಬರ್ ಎರಡನೇ ವಾರದಿಂದ ಹೆಚ್ಚುಕಡಿಮೆ ಹೊಸ ವರ್ಷದವರೆಗೆ ಇಲ್ಲಿ ಸೂರ್ಯ ಹುಟ್ಟುವುದಿಲ್ಲ. ಹಾಗಂತ ಇಡೀ ದಿನ ಕಗ್ಗತ್ತಲೆ ಅಲ್ಲ. ಮಧ್ಯಾಹ್ನದ ಆಚೀಚೆ ಕೆಲವು ಗಂಟೆ ನೀಲಿ ಬೆಳಕು ಇರುತ್ತದೆ, ಹಿಮದ ಮೇಲೆ ಬಿದ್ದು ಅದು ಇನ್ನಷ್ಟು ಕಾಣುತ್ತದೆ. ಜನವರಿಯಲ್ಲಿ ಬರುವವರ ಅದೃಷ್ಟ ಏನೆಂದರೆ, ಬೆಳಕು ಏರುತ್ತಿರುತ್ತದೆ. ತಿಂಗಳ ಕೊನೆಗೆ ಹಗಲು ಐದು ಗಂಟೆ ದಾಟುತ್ತದೆ.

ಆ ಬೆಳಕನ್ನು ನೀವು ಆಫೀಸಿನೊಳಗೆ ಕೂತು ಕಳೆದುಕೊಳ್ಳುತ್ತೀರಿ, ತೊಂದರೆ ಇರುವುದು ಅಲ್ಲಿ. ಹೋಗುವಾಗ ಕತ್ತಲೆ, ಬರುವಾಗ ಕತ್ತಲೆ. ಮೊದಲ ದಿನವೇ ಮ್ಯಾನೇಜರನ್ನು ಕೇಳಿ: ಹನ್ನೆರಡಕ್ಕೆ ಅರ್ಧ ಗಂಟೆ ಹೊರಗೆ ಹೋಗಿ ಬರುತ್ತೇನೆ, ಸಂಜೆ ಅಷ್ಟು ಹೊತ್ತು ಜಾಸ್ತಿ ಕೂರುತ್ತೇನೆ. ಇಲ್ಲಿ ಯಾರೂ ಬೇಡ ಅನ್ನುವುದಿಲ್ಲ, ಅವರೂ ಹೋಗುತ್ತಿರುತ್ತಾರೆ. ಮೋಡ ಇದ್ದರೂ ಹೋಗಿ. ವಿಟಮಿನ್ ಮಾತ್ರೆ, ಬೆಳಕಿನ ಪೆಟ್ಟಿಗೆ ಎಲ್ಲ ಇವೆ, ಬೇಡ ಅನ್ನುವುದಿಲ್ಲ. ಆದರೆ ನನ್ನ ಮಟ್ಟಿಗೆ ಮಧ್ಯಾಹ್ನದ ನಡಿಗೆಯ ಮುಂದೆ ಅವೆಲ್ಲ ಎರಡನೆಯವು. ಮಾತ್ರೆ ಎಷ್ಟು ಬೇಕು ಅನ್ನುವುದನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ. 1177ಕ್ಕೆ ಫೋನ್ ಮಾಡಿದರೆ ನರ್ಸ್ ಒಬ್ಬರು ಸಲಹೆ ಕೊಡುತ್ತಾರೆ. ತುರ್ತು ಇದ್ದರೆ ಮಾತ್ರ 112.

ಏಳುವ ಹೊತ್ತು ರಜಾದಿನವೂ ಒಂದೇ ಇರಲಿ. ಕಿಟಕಿಯಿಂದ ಹೊತ್ತು ಗೊತ್ತಾಗುವುದಿಲ್ಲವಾದ್ದರಿಂದ ಒಂದು ಭಾನುವಾರ ಜಾಸ್ತಿ ಮಲಗಿದರೂ ವಾರವೆಲ್ಲ ನಿದ್ದೆ ಏರುಪೇರು. ಕಿಟಕಿಯಲ್ಲಿ ಒಂದು ದೀಪ ಇಡಿ. ಇಲ್ಲಿ ಎಲ್ಲರೂ ಇಡುತ್ತಾರೆ, ಅವರು ಪರದೆಯನ್ನೂ ಎಳೆಯುವುದಿಲ್ಲ, ಬೀದಿಗೆಲ್ಲ ಬೆಳಕು.

ಕಾರು ಇದ್ದರೆ

ಚಳಿಗಾಲದ ರಸ್ತೆ ಇರುವಾಗ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ಚಳಿಗಾಲದ ಟೈರು ಕಡ್ಡಾಯ. ಈ ಕಡೆ ಜನ ಮೊಳೆ ಇರುವುದನ್ನೇ ಹಾಕಿಸುತ್ತಾರೆ. ಭಾರತದ ಲೈಸೆನ್ಸ್ ನೋಂದಣಿಯಾದ ಮೇಲೆ ಒಂದು ವರ್ಷ ನಡೆಯುತ್ತದೆ, ಬದಲಾಯಿಸಿ ಕೊಡುವುದಿಲ್ಲ. ಸ್ವೀಡನ್ನಿನ ಪರೀಕ್ಷೆ ಬರೆಯಲೇಬೇಕು, ಆದ್ದರಿಂದ ತಡ ಮಾಡದೆ ಶುರು ಮಾಡಿ.

ಕಾರು ನಿಲ್ಲಿಸುವ ಜಾಗದಲ್ಲಿ ಕಂಬಕ್ಕೆ ಸಣ್ಣ ಪೆಟ್ಟಿಗೆ ಇರುತ್ತದೆ. ಎಂಜಿನ್ ಕಾಯಿಸುವ ಹೀಟರಿನ ಪ್ಲಗ್ಗು ಅದರಲ್ಲಿ. ಮುಚ್ಚಳ ತೆಗೆದರೆ ಒಳಗೆ ಟೈಮರ್. ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡುತ್ತೀರಿ ಅಂತ ಅದನ್ನು ತಿರುಗಿಸಿಟ್ಟರೆ, ಅದಕ್ಕೆ ಮುಂಚೆ ಒಂದೆರಡು ಗಂಟೆ ಎಂಜಿನ್ ಕಾಯುತ್ತದೆ. ರಾತ್ರಿಯಿಡೀ ಹಾಕಿಡುವುದು ವಿದ್ಯುತ್ ದಂಡ. ವೈರನ್ನು ಮೊದಲು ಕಾರಿನ ಕಡೆ ಸಿಕ್ಕಿಸಿ, ಆಮೇಲೆ ಕಂಬದ ಕಡೆ. ತೆಗೆಯುವಾಗ ಮೊದಲು ಕಂಬದ ಕಡೆ. ಗಾಡಿ ಹೊರಡಿಸುವ ಮುಂಚೆ ವೈರ್ ತೆಗೆದಿದೆಯೇ ಅಂತ ಕಣ್ಣಾರೆ ನೋಡಿ. ತುಂಡಾದ ವೈರ್ ನೇತಾಡುವ ಕಂಬಗಳು ಊರಲ್ಲಿ ಬೇಕಾದಷ್ಟಿವೆ.

ಹೆದ್ದಾರಿಯ ಬದಿಯ ಕೋಲುಗಳಿಗೆ ಕಪ್ಪು ಪ್ಲಾಸ್ಟಿಕ್ ಚೀಲ ಕಟ್ಟಿದ್ದರೆ ಅದು ಕಸ ಅಲ್ಲ. ಹಿಮಸಾರಂಗಗಳು ಹತ್ತಿರದಲ್ಲೇ ಇವೆ ಅಂತ ಅವನ್ನು ಸಾಕುವ ಸಾಮಿ ಜನ ಕಟ್ಟಿದ್ದು. ವೇಗ ಇಳಿಸಿ. ಒಂದು ದಾಟಿದರೆ ಹಿಂದೆ ಇನ್ನೂ ನಾಲ್ಕು ಬರುತ್ತವೆ. ಗುದ್ದಿದರೆ ಪೊಲೀಸರಿಗೆ ತಿಳಿಸಲೇಬೇಕು, ಪ್ರತಿಯೊಂದಕ್ಕೂ ಒಡೆಯರಿದ್ದಾರೆ.

ಜನ

ಸ್ವಲ್ಪ ಮೌನದ ಜನ. ಮುಖ ಗಂಟಿಕ್ಕಿಲ್ಲ, ಮಾತು ಕಮ್ಮಿ ಅಷ್ಟೆ. ಯಾರ ಮನೆಗೆ ಹೋದರೂ ಬೂಟು ಬಾಗಿಲಲ್ಲೇ ಬಿಡಿ, ಎಷ್ಟೋ ಆಫೀಸಿನಲ್ಲೂ ಹಾಗೇ, ಆದ್ದರಿಂದ ತೂತಿಲ್ಲದ ಕಾಲುಚೀಲ ಹಾಕಿಕೊಳ್ಳಿ. ಆಫೀಸಿನ ಫಿಕಾ, ಅಂದರೆ ಎಲ್ಲರೂ ಒಟ್ಟಿಗೆ ಕೂತು ಕಾಫಿ ಕುಡಿಯುವ ಹೊತ್ತು, ತಪ್ಪಿಸಬೇಡಿ. ಕೆಲಸ ಇದೆ ಅಂತ ಮೇಜಿನಲ್ಲೇ ಕೂತರೆ ಶ್ರದ್ಧೆ ಅಂದುಕೊಳ್ಳುವುದಿಲ್ಲ, ಬಿಗುಮಾನ ಅಂದುಕೊಳ್ಳುತ್ತಾರೆ. ನನಗೆ ಮನೆ ಸಿಕ್ಕಿದ್ದು ಅಂಥ ಒಂದು ಕಾಫಿ ಮೇಜಿನಲ್ಲೇ.

ಅಪಾರ್ಟ್‌ಮೆಂಟಿನಲ್ಲಿ ಬಟ್ಟೆ ಒಗೆಯುವ ರೂಮು ಎಲ್ಲರಿಗೂ ಒಂದೇ, ಹೊತ್ತು ಮೊದಲೇ ಬುಕ್ ಮಾಡಬೇಕು. ನಿಮ್ಮ ಹೊತ್ತು ಮುಗಿಯುವ ಮುಂಚೆ ಡ್ರೈಯರಿನ ಜಾಲರಿಯಲ್ಲಿ ಕೂತ ನೂಲಿನ ಧೂಳು ತೆಗೆದು, ನೆಲ ಒರೆಸಿ ಹೊರಡಿ. ಜಗಳ ಗೊತ್ತಿಲ್ಲದ ಈ ಜನ ಜಗಳ ಆಡುವುದು ಇದೊಂದಕ್ಕೆ, ಅದೂ ಬಾಗಿಲಿಗೆ ಚೀಟಿ ಅಂಟಿಸಿ.

ಸಂಜೆಗೆ ದೀಪ ಹಾಕಿದ ಸ್ಕೀ ದಾರಿಗಳಿವೆ. ಸ್ಕೀ ಬಾಡಿಗೆಗೋ ಹಳೆಯದೋ ಹೊಂದಿಸಿಕೊಂಡು ಹೋಗಿ. ಬೀಳುತ್ತೀರಿ, ಮಕ್ಕಳು ಪಕ್ಕದಲ್ಲೇ ಸುಯ್ ಅಂತ ಹೋಗುತ್ತವೆ. ಸ್ಕೀಗೆ ಕೊರೆದ ಜಾಡಿನ ಮೇಲೆ ಮಾತ್ರ ನಡೆಯಬೇಡಿ, ಅದಕ್ಕೆ ಬೈಗುಳ ಖಂಡಿತ. ಜನವರಿ ಕೊನೆಯ ಹೊತ್ತಿಗೆ ಹಿಮ ಹಬ್ಬ ನಡೆಯುತ್ತದೆ. ಸಹೋದ್ಯೋಗಿಗಳ ಮನೆಯವರನ್ನೆಲ್ಲ ಒಂದೇ ಕಡೆ ಕಾಣಲು ಅದು ಒಳ್ಳೆಯ ಸಂದರ್ಭ.

ಮಾರ್ಚ್‌ಗೆ ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣು ಕುಕ್ಕುತ್ತದೆ, ತಂಪು ಕನ್ನಡಕ ಬೇಕು. ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಬೆಳಕು ತೂರದ ದಪ್ಪ ಪರದೆಯನ್ನು ಏಪ್ರಿಲ್‌ನಲ್ಲೇ ಹೇಳಿಟ್ಟುಬಿಡಿ. ಮೇ ತಿಂಗಳಲ್ಲಿ ಎಲ್ಲರಿಗೂ ಒಟ್ಟಿಗೆ ನೆನಪಾಗಿ ನಿಮ್ಮ ಕಿಟಕಿಯ ಅಳತೆಯದು ಖಾಲಿಯಾಗಿರುತ್ತದೆ.