ನ್ಯೂಟ್ರಲ್‌ನಲ್ಲೂ ಹಿಡಿಯುತ್ತಿದ್ದ ಬುಲೆಟ್, ಮೆಣಸು ತೂಗುವ ತಕ್ಕಡಿ

ನ್ಯೂಟ್ರಲ್‌ನಲ್ಲಿ ಕ್ಲಚ್ ಹಿಡಿದರೂ ಒಂದೇ, ಬಿಟ್ಟರೂ ಒಂದೇ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಅದು ಒಂದೇ ಅಲ್ಲ. ನನ್ನ ಗಾಡಿಯ ಎರಡು ವರ್ಷದ ಕಾಯಿಲೆ ಸಿಕ್ಕಿದ್ದೇ ಆ ವ್ಯತ್ಯಾಸದಲ್ಲಿ.

ಗಾಡಿ ಅಪ್ಪನ ಕಾಲದ ಸಿ.ಐ. (ಎರಕದ ಕಬ್ಬಿಣದ ಎಂಜಿನ್‌ನ) ಬುಲೆಟ್ 350, ಬಲಗಾಲಲ್ಲಿ ಬದಲಿಸುವ ನಾಲ್ಕು ಗೇರಿನದು. ನಮ್ಮ ತೋಟ ತೀರ್ಥಹಳ್ಳಿ ಹತ್ತಿರ. ಗೇರ್‌ಬಾಕ್ಸ್ ಒಮ್ಮೆ ಬಿಚ್ಚಿಸಿ ಕಟ್ಟಿಸಿದ ಮೇಲೆ ಶುರುವಾಯಿತು ತೊಂದರೆ. ಅಂಗಳದಲ್ಲಿ ಹಿಂದಕ್ಕೆ ತಳ್ಳಿದರೆ ಯಾರೋ ಹಿಡಿದು ಎಳೆದ ಹಾಗೆ. ಮನೆ ಮುಂದಿನ ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಗೆಳೆಯನ ಬುಲೆಟ್ ಕೆಳಗಿನ ಮೋರಿ ದಾಟಿ ಹೋಗುತ್ತಿತ್ತು. ನಮ್ಮದು ಮೋರಿಗೆ ಇಪ್ಪತ್ತು ಮಾರು ಇರುವಾಗಲೇ ನಿಂತುಬಿಡುತ್ತಿತ್ತು. ವಿಚಿತ್ರ ಅಂದರೆ ಶಿವಮೊಗ್ಗದ ಕಡೆ ಟಾಪ್ ಗೇರಿನಲ್ಲಿ ಹೋದರೆ ಏನೂ ಗೊತ್ತಾಗುತ್ತಿರಲಿಲ್ಲ. ಆಗುಂಬೆ ಘಾಟಿ ಹತ್ತುವಾಗ, ಎರಡು ಮೂರನೇ ಗೇರಿನಲ್ಲಿ, ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು. ಮೇಲೆ ಬಂದು ಗೇರ್‌ಬಾಕ್ಸ್ ಮುಟ್ಟಿದರೆ ಕೈ ಇಡಲು ಆಗುತ್ತಿರಲಿಲ್ಲ.

ದುಡ್ಡು ಹೋದ ದಾರಿ ಕೇಳಿ. ಮೊದಲು ಕ್ಲಚ್ ಪ್ಲೇಟು, ಸುಮಾರು 1,800. ಆಮೇಲೆ ಬ್ರೇಕ್ ಶೂ ಬದಲು, ಡ್ರಮ್ ಲೇತಿಗೆ, ಅದೊಂದು 1,400. ಚೈನು-ಸ್ಪ್ರಾಕೆಟ್ 2,500ರ ಹತ್ತಿರ. ಕಾರ್ಬುರೇಟರಿಗೂ ಒಂದಿಷ್ಟು ಸುರಿದೆ. ಎಲ್ಲ ಸೇರಿ 7,000 ಮೇಲೆಯೇ ಆಯಿತು, ಗಾಡಿ ಮಾತ್ರ ಹಾಗೇ. ಕೊನೆಗೆ ಮೆಕ್ಯಾನಿಕ್ ಒಬ್ಬರು, "ಹಳೇ ಗಾಡಿ ಗೌಡ್ರೇ, ಇಷ್ಟೇ" ಅಂದರು. ಆ ಮಾತು ನನಗೆ ಹಿಡಿಸಲಿಲ್ಲ. ನಲವತ್ತು ವರ್ಷ ಓಡಿದ ಗಾಡಿ ಬಿಚ್ಚಿ ಕಟ್ಟಿದ ಮರುದಿನವೇ ಮುದಿಯಾಗುತ್ತದಾ?

ಕೈಯಲ್ಲಿ ಚಕ್ರ ತಿರುಗಿಸಿ "ಸ್ವಲ್ಪ ಬಿಗಿ" ಅನ್ನುವುದರಿಂದ ಏನೂ ಆಗಲ್ಲ ಅಂತ ಆಗ ಅನ್ನಿಸಿತು. ಮನೆಯಲ್ಲಿ ಕಾಳುಮೆಣಸು ತೂಗುವ 5 ಕೆ.ಜಿ.ಯ ಸ್ಪ್ರಿಂಗ್ ತಕ್ಕಡಿ ಇತ್ತು. ಗಾಡಿಗೆ ಸೆಂಟರ್ ಸ್ಟ್ಯಾಂಡ್ ಹಾಕಿದೆ. ಹಿಂದಿನ ಟೈರಿಗೆ ಒಂದೂವರೆ ಸುತ್ತು ಹಗ್ಗ ಸುತ್ತಿ, ತುದಿಯನ್ನು ಟೈರಿನ ಕೆಳಗಿನಿಂದ ಹಿಂದಕ್ಕೆ ತಂದು ತಕ್ಕಡಿ ಕೊಕ್ಕೆಗೆ ಕಟ್ಟಿದೆ. ಹಿಂದಕ್ಕೆ ಎಳೆದರೆ ಚಕ್ರ ಮುಂದಕ್ಕೇ ತಿರುಗುತ್ತದೆ. ಹೊರಡುವಾಗಿನ ಜರ್ಕ್ ಲೆಕ್ಕಕ್ಕಿಲ್ಲ, ನಿಧಾನಕ್ಕೆ ತಿರುಗುತ್ತಿರುವಾಗ ಮುಳ್ಳು ಎಲ್ಲಿ ನಿಲ್ಲುತ್ತದೆ ಅನ್ನುವುದೇ ಲೆಕ್ಕ. ಗೆಳೆಯ ಬಂದು ನೋಡಿ, "ಎಂತ ಮಾರಾಯಾ, ಗಾಡಿ ಮಾರಲಿಕ್ಕೆ ತೂಗ್ತಿದೀಯಾ?" ಅಂದ.

ಚೈನ್ ಕಳಚಿ ಎಳೆದೆ, 300 ಗ್ರಾಂ ಆಸುಪಾಸು. ಅಂದರೆ ಬ್ರೇಕು, ಬೇರಿಂಗು ಸರಿ ಇವೆ. 1,400 ಸುಮ್ನೆ ಹೋಗಿದೆ. ಚೈನ್ ಹಾಕಿ ನ್ಯೂಟ್ರಲ್‌ನಲ್ಲಿ ಎಳೆದೆ, ಎರಡೂಮುಕ್ಕಾಲು ಕೆ.ಜಿ. ತೋರಿಸಿತು. ಆಮೇಲೆ ಗೆಳೆಯನಿಗೆ ಕ್ಲಚ್ ಹಿಡಿ ಅಂದೆ. "ನ್ಯೂಟ್ರಲ್ ಅಲ್ವಾ, ಯಾಕೆ?" ಅಂದ. "ಹಿಡಿ ನೀನು" ಅಂದೆ. ಮುಳ್ಳು ಒಂದೂಕಾಲಿಗೆ ಇಳಿಯಿತು. ಬಿಟ್ಟ, ಮತ್ತೆ ಎರಡೂಮುಕ್ಕಾಲು. ಆರೇಳು ಸಲ ಮಾಡಿಸಿದೆ, ಅದೇ ಉತ್ತರ.

ಒಂದು ಎಚ್ಚರ. ಇದಕ್ಕೆ ಮೊದಲು ಕ್ಲಚ್ ಹಿಡಿದು ನಾಲ್ಕು ಕಿಕ್ ಹೊಡೆದು ಪ್ಲೇಟು ಬಿಡಿಸಿಕೊಳ್ಳಬೇಕು. ಪ್ಲೇಟು ಅಂಟಿದ್ದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಮೊದಲ ದಿನ ನಾನೇ ಮೋಸ ಹೋಗಿದ್ದೆ.

ಗೇರ್‌ಬಾಕ್ಸ್ ಒಳಗೆ ಆಗುವುದು ಇಷ್ಟು. ನ್ಯೂಟ್ರಲ್‌ನಲ್ಲಿ ಚಕ್ರದ ಜೊತೆ ಸ್ಲೀವ್ ಗೇರ್, ಅಂದರೆ ಚೈನ್ ತಿರುಗಿಸುವ ಟೊಳ್ಳು ಗೇರು, ತಿರುಗುತ್ತದೆ. ಅದರೊಳಗೆ ಹಾದುಹೋಗುವ ಮೇನ್ ಶಾಫ್ಟನ್ನು ಕ್ಲಚ್ ಮೂಲಕ ಆಫ್ ಆಗಿರುವ ಎಂಜಿನ್ ಹಿಡಿದಿರುತ್ತದೆ. ಕ್ಲಚ್ ಹಿಡಿದ ಕೂಡಲೇ ಶಾಫ್ಟಿಗೆ ಬಿಡುಗಡೆ, ಅದೂ ಸ್ಲೀವ್ ಜೊತೆ ತಿರುಗುತ್ತದೆ. ಕಡಿಮೆಯಾದ ಆ ಒಂದೂವರೆ ಕೆ.ಜಿ. ಇವೆರಡರ ನಡುವಿನ ಬುಷ್‌ನದು, ಬಳೆಯಂಥ ಲೋಹದ ಕೊಳವೆ ಅದು. ಟಾಪ್ ಗೇರಿನಲ್ಲಿ ಎರಡೂ ಲಾಕ್ ಆಗಿ ಒಟ್ಟಿಗೇ ತಿರುಗುತ್ತವೆ, ಅದಕ್ಕೇ ಅಲ್ಲಿ ಕಾಯಿಲೆ ಕಾಣುತ್ತಿರಲಿಲ್ಲ!

ಉಳಿದ ಒಂದೂಕಾಲು ಕೆ.ಜಿ.ಯೂ ಜಾಸ್ತಿಯೇ. ಗೇರ್‌ಬಾಕ್ಸಿನೊಳಗಿನ ಗ್ರೀಸು ಗಟ್ಟಿಯಾಗಿದೆಯೇನೋ ಅಂತ ಅನುಮಾನ ಬಂತು. ಮಳೆಗಾಲದ ಬೆಳಗ್ಗೆ, ಚಳಿ ಬೇರೆ. ಬಚ್ಚಲ ಹಂಡೆಯಿಂದ ಎರಡು ಕೊಡ ಬಿಸಿನೀರು ತಂದು ಗೇರ್‌ಬಾಕ್ಸ್ ಮೇಲೆ ನಿಧಾನಕ್ಕೆ ಹೊಯ್ದೆ. ಅಮ್ಮ ಬೈದರು. ಆದರೆ 300 ಗ್ರಾಂ ಇಳಿಯಿತು. ಅದೇ ಹುಮ್ಮಸ್ಸಿನಲ್ಲಿ ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಬಿಸಿ ಗ್ರೀಸಿನಲ್ಲಿ ಅದ್ದಿ ಹಾಕಿದೆ. ಅದರಿಂದ ನೂರು ಗ್ರಾಂ ಇಳಿದಿದ್ದರೆ ಹೆಚ್ಚು. ಹೊಸ ಚೈನೇ ಇತ್ತಲ್ಲ.

ಬಾಕ್ಸ್ ಬಿಚ್ಚಿದೆ. ಲೀಕ್ ನಿಲ್ಲಲಿ ಅಂತ ವೀಲ್ ಬೇರಿಂಗಿಗೆ ಹಾಕುವ ಗಟ್ಟಿ ಗ್ರೀಸು ತುರುಕಿದ್ದರು. ಹಲ್ಲು ತಿರುಗುವ ಜಾಗದಲ್ಲಿ ಸುರಂಗ ಕೊರೆದ ಹಾಗೆ ಖಾಲಿ, ಪಕ್ಕದಲ್ಲಿ ಗೋಡೆಯಂತೆ ಗ್ರೀಸು. ಬೆರಳಿಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದರೆ ಬಂಗಾರದ ಪುಡಿ ಉದುರಿಸಿದಂತೆ ಮಿನುಗುತ್ತಿತ್ತು. ಬುಷ್‌ನ ಕಂಚು ಅದು. ಶಾಫ್ಟಿನ ಮೇಲೆ ಆ ಜಾಗದಲ್ಲಿ ಕಾಫಿ ಬಣ್ಣದ ಪಟ್ಟಿ. ಬುಷ್ ಹೊಸದೇ, ಆದರೆ ಬಡಿದು ಕೂರಿಸಿದವರು ತೂತನ್ನು ಅಳತೆಗೆ ಕೆರೆಯುವ ರೀಮರ್ ಹಾಕಿಲ್ಲ. ಒತ್ತಿ ಕೂರಿಸಿದ ಬುಷ್‌ನ ತೂತು ಕಿರಿದಾಗುತ್ತದೆ, ಅಳತೆಗೆ ತೆಗೆಯಲೇಬೇಕು.

ಶಿವಮೊಗ್ಗದ ಒಂದು ಲೇತ್ ಅಂಗಡಿಯಲ್ಲಿ ಹೊಸ ಬುಷ್ ಕೂರಿಸಿ, ಪಕ್ಕದಲ್ಲೇ ನಿಂತು ರೀಮ್ ಮಾಡಿಸಿದೆ. ಬುಷ್, ಕೂಲಿ, ಗ್ಯಾಸ್ಕೆಟ್, ಗ್ರೀಸು ಎಲ್ಲ ಸೇರಿ 1,100 ಇರಬಹುದು. ಬುಷ್‌ಗೂ ಶಾಫ್ಟಿಗೂ ನಡುವೆ ಎಷ್ಟು ಸಂದು ಬಿಟ್ಟೆ, ತೆಳು ಗ್ರೀಸಿಗೆ ಎಣ್ಣೆ ಎಷ್ಟು ಬೆರೆಸಿದೆ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ. ಮೂರು ಸಲ ತಪ್ಪಿ ಕಲಿತದ್ದು ಅದು.

ಈಗ ಕ್ಲಚ್ ಬಿಟ್ಟರೆ 900 ಗ್ರಾಂ, ಹಿಡಿದರೆ 750. ಘಾಟಿ ಹತ್ತಿ ಬಂದು ಗೇರ್‌ಬಾಕ್ಸ್ ಮೇಲೆ ಅಂಗೈ ಇಟ್ಟುಕೊಂಡು ಮಾತಾಡಬಹುದು. ಮೈಲೇಜು ಲೀಟರಿಗೆ ಮೂರು ಕಿಲೋಮೀಟರ್ ಏರಿದೆ. ಕಾಯಿಲೆ ಇದ್ದದ್ದು ಕೆಳಗಿನ ಗೇರುಗಳಲ್ಲಿ, ನಮ್ಮ ರಸ್ತೆಗಳಲ್ಲಿ ಟಾಪ್ ಗೇರು ಸಿಗುವುದೇ ಅಪರೂಪ ಅಲ್ವಾ. ಮೋರಿ ದಾಟುತ್ತದೆ, ಗೆಳೆಯನ ಗಾಡಿಗಿಂತ ಎಂಟು ಮಾರು ಮುಂದೆಯೇ ಹೋಗಿ ನಿಲ್ಲುತ್ತದೆ. ಹೋದ ಭಾನುವಾರ ಅವನು ತನ್ನ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿ, ಹಗ್ಗ ಎಲ್ಲಿ ಅಂತ ಕೇಳಿದ.